ವ್ಯಾಖ್ಯೆಗಳ ಪಟ್ಟಿ ಬೇಡ, ಮಲ್ಟಿಮೀಟರ್ ಹಿಡಿಯಿರಿ

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೇರುವ ಮೊದಲೇ ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಮೊದಲಾದವುಗಳ ವ್ಯಾಖ್ಯೆಗಳನ್ನು ಯಾವ ಕ್ರಮದಲ್ಲಿ ಬಾಯಿಪಾಠ ಮಾಡಬೇಕೆಂದು ಕೇಳಿದ್ದೀರಿ. ಯಾವ ಕ್ರಮದಲ್ಲಿಯೂ ಬೇಡ. ನಾನು ಮಾಡಿದ್ದೆ. 'ಎರಡು ಬಿಂದುಗಳ ನಡುವಿನ ವಿಭವಾಂತರವೇ ವೋಲ್ಟೇಜ್' ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಒಪ್ಪಿಸುತ್ತಿದ್ದ ನನಗೆ, ಅದನ್ನು ಅಳೆಯುವುದಕ್ಕೂ ಕರೆಂಟ್ ಅಳೆಯುವುದಕ್ಕೂ ಇರುವ ವ್ಯತ್ಯಾಸ ತಿಳಿದಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಅಗ್ಗದ ಮಲ್ಟಿಮೀಟರ್ ನನ್ನಲ್ಲಿತ್ತು. ಅದರಲ್ಲಿ ಮೂರು ಸಾಕೆಟ್‌ಗಳು: ಕಪ್ಪು ವೈರಿಗೆ ಒಂದು, ವೋಲ್ಟೇಜ್ ಮತ್ತು ರೆಸಿಸ್ಟೆನ್ಸ್ ಅಳೆಯುವಾಗ ಕೆಂಪು ವೈರಿಗೆ ಇನ್ನೊಂದು, 10 ಆಂಪಿಯರ್‌ವರೆಗಿನ ಕರೆಂಟಿಗೆ ಮತ್ತೊಂದು. ಒಮ್ಮೆ ಮೋಟಾರು ಎಳೆಯುವ ಕರೆಂಟನ್ನು ಅಳೆದವನು ಕೆಂಪು ವೈರನ್ನು ಅದೇ 10 ಆಂಪಿಯರ್ ಸಾಕೆಟ್ಟಿನಲ್ಲಿ ಬಿಟ್ಟು, ಡಯಲನ್ನು ಮಾತ್ರ 20 ವೋಲ್ಟಿಗೆ ತಿರುಗಿಸಿ, ಮನೆಯ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯ ಎರಡೂ ಟರ್ಮಿನಲ್ಲುಗಳಿಗೆ ವೈರುಗಳ ತುದಿಯ ಲೋಹದ ಕಡ್ಡಿಗಳನ್ನು ಒತ್ತಿದೆ. ಚಟ್ಟನೆ ಕಿಡಿ ಹಾರಿತು; ಕೈ ಹಿಂದೆಳೆಯುವಷ್ಟರಲ್ಲಿ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿಗೆ ಅಂಟಿತ್ತು.

ಡಯಲ್ ತಿರುಗಿಸಿದ ಮೇಲೆ ಮೀಟರ್ ವೋಲ್ಟ್‌ಮೀಟರ್ ಆಯಿತೆಂದು ನಾನು ನಂಬಿದ್ದೆ. ಆದರೆ ಅಂಥ ಮೀಟರುಗಳಲ್ಲಿ ಡಯಲ್ ಎಲ್ಲಿಯೇ ಇರಲಿ, 10 ಆಂಪಿಯರ್ ಸಾಕೆಟ್ಟಿಗೂ ಕಪ್ಪು ವೈರಿನ ಸಾಕೆಟ್ಟಿಗೂ ನಡುವೆ ಒಂದು ದಪ್ಪ ತಂತಿಯ ತುಂಡು ಸದಾ ಬೆಸೆದಿರುತ್ತದೆ. ಅದರ ರೆಸಿಸ್ಟೆನ್ಸ್ ಸುಮಾರು 0.01 ಓಮ್. ಕರೆಂಟ್ ಅಳೆಯುವಾಗ ಅದು ಮೀಟರಿನ ಮೂಲಕವೇ ಹರಿದುಹೋಗಬೇಕಾದ್ದರಿಂದ ಈ ತಂತಿ ಅಡ್ಡಿಯಾಗಬಾರದು, ಅದಕ್ಕೇ ಇಷ್ಟು ಕಡಿಮೆ. ವೋಲ್ಟೇಜನ್ನಾದರೋ ಹೊರಗಿನಿಂದ ಮುಟ್ಟಿ ನೋಡುತ್ತೇವೆ. ಆಗ ಮೀಟರ್ ಲಕ್ಷಗಟ್ಟಲೆ ಓಮ್‌ಗಳ ಅಡ್ಡಿಯಾಗಿ ನಿಲ್ಲುತ್ತದೆ. ನಾನು ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದಂತಾಗಿತ್ತು. ವೈರು, ಕಡ್ಡಿ ಎಲ್ಲ ಸೇರಿ 0.1 ಓಮ್ ಎಂದುಕೊಂಡರೂ 12 ಭಾಗಿಸು 0.1, ಅಂದರೆ 120 ಆಂಪಿಯರ್. ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದರೆ ಕರೆಂಟ್ ಎಂಬ ಓಮ್‌ನ ನಿಯಮ ನನಗೆ ಬಾಯಿಗೆ ಬರುತ್ತಿತ್ತು, ಲೆಕ್ಕ ಹಾಕಲು ಮಾತ್ರ ತೋಚಿರಲಿಲ್ಲ. ಆ ಸಾಕೆಟ್ಟಿಗೆ ಫ್ಯೂಸ್ ಇಲ್ಲವೆಂದು ಪಕ್ಕದಲ್ಲೇ ಅಚ್ಚಾಗಿದ್ದುದನ್ನು ಆಮೇಲೆ ಓದಿದೆ.

ಆದ್ದರಿಂದ ನೀವು 9 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ ಇವಿಷ್ಟನ್ನು ಬೆಸುಗೆಯಿಲ್ಲದೆ ಭಾಗಗಳನ್ನು ಸಿಕ್ಕಿಸುವ ತೂತುಗಳ ಹಲಗೆಯಾದ ಬ್ರೆಡ್‌ಬೋರ್ಡಿನ ಮೇಲೆ ಸರಣಿಯಲ್ಲಿ ಜೋಡಿಸಿರಿ. ಎಲ್‌ಇಡಿಯ ಎರಡು ಕಾಲುಗಳ ನಡುವೆ ಸುಮಾರು 2 ವೋಲ್ಟ್, ರೆಸಿಸ್ಟರಿನ ಮೇಲೆ ಉಳಿದ 7 ವೋಲ್ಟ್ ಕಾಣುತ್ತದೆ. 7ನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿಆಂಪಿಯರ್. ಈಗ 1 ಕಿಲೋಓಮ್ ರೆಸಿಸ್ಟರ್ ಹಾಕಿರಿ. ಕರೆಂಟ್ ಅರ್ಧದಷ್ಟಾಗುತ್ತದೆ, ಎಲ್‌ಇಡಿಯ ವೋಲ್ಟೇಜ್ ಮಾತ್ರ ಹೆಚ್ಚು ಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಎಲ್‌ಇಡಿ ಎಂಬ ಡಯೋಡ್ ಓಮ್‌ನ ನಿಯಮಕ್ಕೆ ರೆಸಿಸ್ಟರಿನಂತೆ ಬಗ್ಗುವುದಿಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಬಳಿಕ 16 ವೋಲ್ಟಿನ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು, ಪಟ್ಟೆಯಿರುವ ಕಾಲನ್ನು ಮೈನಸ್ಸಿಗೆ ಕೊಟ್ಟು, ಬ್ಯಾಟರಿಗೆ ಸಮಾಂತರವಾಗಿ ಸೇರಿಸಿ, ಬ್ಯಾಟರಿಯನ್ನು ಕಿತ್ತು ನೋಡಿರಿ. ಕೆಪಾಸಿಟರ್ ತುಂಬಿಟ್ಟುಕೊಂಡ ಚಾರ್ಜಿನಿಂದ ಬೆಳಕು ತಟ್ಟನೆ ಆರದೆ ಮೆಲ್ಲಗೆ ಇಳಿಯುತ್ತದೆ. ಇಂಪೀಡೆನ್ಸ್, ರಿಯಾಕ್ಟೆನ್ಸ್ ಮುಂತಾದವು ಎಸಿ ಪಾಠ ಬರುವವರೆಗೆ ಕಾಯಲಿ.