ಅನ್ನ, ಮುದ್ದೆ ಎರಡನ್ನೂ ಬಿಟ್ಟುಬಿಡಬೇಕೇ?

ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ, ನಾಳೆ ನನಗೂ ಬಂದೀತು, ಆದ್ದರಿಂದ ಅನ್ನ, ಮುದ್ದೆ ಎರಡನ್ನೂ ಈಗಲೇ ಬಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಆಹಾರ ಸಲಹೆಗಾರ್ತಿಯಾಗಿರುವ ನನ್ನ ಬಳಿ ಇದೇ ಆತಂಕದಿಂದ ಬರುವವರು ಬಹಳ ಮಂದಿ. ಪೂರ್ತಿ ಬಿಡುವ ಅಗತ್ಯವಿಲ್ಲ. ಎಷ್ಟು ಉಣ್ಣುತ್ತೀರಿ, ಯಾವುದರ ಜೊತೆ ಉಣ್ಣುತ್ತೀರಿ ಎಂಬುದನ್ನು ಬದಲಿಸಿಕೊಳ್ಳಬೇಕು.

ಅನ್ನ, ಮುದ್ದೆ ಎರಡರಲ್ಲೂ ಹೆಚ್ಚಾಗಿರುವುದು ಪಿಷ್ಟ; ಅದು ಒಂದು ಬಗೆಯ ಕಾರ್ಬೋಹೈಡ್ರೇಟ್. ಒಂದು ಗ್ರಾಂ ಕಾರ್ಬೋಹೈಡ್ರೇಟಿನಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ಪಿಷ್ಟ ಜೀರ್ಣವಾಗಿ ಗ್ಲೂಕೋಸ್, ಅಂದರೆ ರಕ್ತದಲ್ಲಿ ಸೇರುವ ಸಕ್ಕರೆ, ಆಗುತ್ತದೆ. ವಯಸ್ಕರ ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಮಿಕ್ಕಿದ್ದರಲ್ಲಿ ಒಂದಷ್ಟು ಗ್ಲೈಕೋಜೆನ್ ಎಂಬ ಶೇಖರಣೆಯ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಉಳಿಯುತ್ತದೆ, ಅದನ್ನೂ ಮೀರಿದ್ದು ಕೊಬ್ಬಾಗುತ್ತದೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಹಾಗೆಂದು ಮುದ್ದೆಯಿಂದ ಸಕ್ಕರೆ ಏರುವುದೇ ಇಲ್ಲ ಎಂದು ನಂಬಬೇಡಿ. ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಯುವ ಎಸರಿಗೆ ಹಾಕಿ, ಗಂಟಿಲ್ಲದಂತೆ ಕೋಲಿನಿಂದ ತೊಳಸಿ ಬೇಯಿಸುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ; ಹಾಗೆ ಉಬ್ಬಿದ ಪಿಷ್ಟ ಬೇಗನೆ ಜೀರ್ಣವಾಗುತ್ತದೆ. ಎರಡು ದಪ್ಪ ಮುದ್ದೆ ಉಂಡು, ಮೇಲೆ ತಟ್ಟೆ ತುಂಬ ಅನ್ನ ಬಡಿಸಿಕೊಂಡರೆ ರಾಗಿಯ ನಾರು ಎಷ್ಟೆಂದು ಕಾಪಾಡೀತು? ಒಂದು ಸಾಧಾರಣ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಸೊಗಸಾದ ಜೊತೆ. ಆದರೆ ಬಸಿದ ಕಟ್ಟಿನ ಸಾರನ್ನಷ್ಟೇ ಸುರಿದುಕೊಂಡು, ಬೆಂದ ಕಾಳು–ಸೊಪ್ಪಿನ ಪಲ್ಯವನ್ನು ತಟ್ಟೆಯಂಚಿಗೆ ಒಂದು ಚಮಚ ಹಾಕಿಸಿಕೊಳ್ಳುವವರೇ ಹೆಚ್ಚು. ನಾರು ಮತ್ತು ಪ್ರೋಟೀನಿನ ಬಹುಪಾಲು ಇರುವುದು ಆ ಪಲ್ಯದಲ್ಲಿ. ಅದನ್ನು ಮುದ್ದೆಯಷ್ಟೇ ಧಾರಾಳವಾಗಿ ಬಡಿಸಿಕೊಳ್ಳಿ.

ಆಲೆಮನೆಯ ಬೆಲ್ಲ ಸಕ್ಕರೆಗಿಂತ ನಿರಪಾಯ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜವಾದರೂ ಅದರ ಹೆಚ್ಚಿನ ಭಾಗ ಸುಕ್ರೋಸೇ, ಅಂದರೆ ಸಕ್ಕರೆಯೇ. ಹಾಲು, ಹಣ್ಣು, ಗೆಣಸುಗಳಲ್ಲೂ ಕಾರ್ಬೋಹೈಡ್ರೇಟ್ ಇದೆ. ಹಣ್ಣನ್ನು ಜ್ಯೂಸ್ ಮಾಡದೆ ಹಾಗೆಯೇ ತಿನ್ನಿ.

ನಿಮ್ಮ ತಂದೆಯವರ ವಿಷಯ ಬೇರೆ. ಅವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಔಷಧದ ಪ್ರಮಾಣ ಬದಲಿಸದೆ ಊಟ ಮಾತ್ರ ಒಮ್ಮೆಲೇ ಕಡಿಮೆ ಮಾಡಿದಾಗ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ದಯವಿಟ್ಟು ವೈದ್ಯರನ್ನು ಕೇಳಿಯೇ ಅವರ ಊಟ ಬದಲಿಸಿ.