ಲೌಡನ್ ದುಡ್ಡಿಗಾಗಿ ಕತ್ತಿ ಹಿಡಿದವನಾ?

ಪ್ರಶ್ನೆ: ಏಳು ವರ್ಷಗಳ ಯುದ್ಧದ (1756-63, ಆಸ್ಟ್ರಿಯಾ, ರಷ್ಯಾ ಒಂದು ಕಡೆ, ಜರ್ಮನ್ ರಾಜ್ಯ ಪ್ರಷ್ಯಾ ಇನ್ನೊಂದು ಕಡೆ) ಬಗ್ಗೆ ಓದ್ತಿದ್ದಾಗ ಲೌಡನ್ ಅನ್ನೋ ಆಸ್ಟ್ರಿಯನ್ ಸೇನಾಪತಿ ಹೆಸರು ಸಿಕ್ತು. ಸ್ಕಾಟ್ಲೆಂಡ್ ಮೂಲದವನಂತೆ, ಹುಟ್ಟಿದ್ದು ಬಾಲ್ಟಿಕ್ ಕಡೆಯಂತೆ, ಮೊದಲು ರಷ್ಯಾ ಸೈನ್ಯದಲ್ಲಿದ್ದು ಆಮೇಲೆ ಪ್ರಷ್ಯಾದಲ್ಲೂ ಕೆಲಸ ಕೇಳಿದ್ನಂತೆ. ಇವನನ್ನ ದುಡ್ಡು ಕೊಟ್ಟವರ ಪರ ಹೋರಾಡೋನು ಅನ್ನಬಹುದಾ?

ಉತ್ತರ: ಹಾಗಂದ್ರೆ ಅವನಿಗೆ ಅನ್ಯಾಯ ಆಗುತ್ತೆ ಅನ್ಸುತ್ತೆ ನನಗೆ. ಅವರ ಮನೆ ಕಥೆ ನೋಡಿ ಒಂದ್ಸಲ. ಎರ್ನ್‌ಸ್ಟ್ ಗಿಡಿಯನ್ ಲೌಡನ್ ಹುಟ್ಟಿದ್ದು 1717ರಲ್ಲಿ ಲಿವೋನಿಯಾದಲ್ಲಿ, ಅಂದ್ರೆ ಈಗಿನ ಲಾಟ್ವಿಯಾ. ಅಪ್ಪ ಸ್ವೀಡನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಚೂರುಪಾರು ಪೆನ್ಷನ್ ತಗೊಂಡು ಮನೇಲಿದ್ದೋರು, ಅಷ್ಟರಲ್ಲಿ ಆ ನಾಡೇ ರಷ್ಯಾ ಕೈಗೆ ಹೋಗಿತ್ತು, ಹಾಗಾಗಿ ಮಗ 1732ರಲ್ಲಿ 15ನೇ ವಯಸ್ಸಿಗೆ ಸೇರ್ಕೊಂಡಿದ್ದು ರಷ್ಯಾ ಸೈನ್ಯ. ಮನೆ ಇದ್ದಲ್ಲೇ ಇತ್ತು, ದೊರೆ ಬದಲಾದ ಅಷ್ಟೆ. ಸ್ಕಾಟ್ಲೆಂಡಿನ ಲೌಡನ್ ಮನೆತನದ ಕವಲು ನಾವು ಅಂತ ಆ ಕುಟುಂಬ ನಂಬ್ಕೊಂಡಿತ್ತು, ಆದ್ರೆ ಅದಕ್ಕೆ ದಾಖಲೆ ಗಟ್ಟಿಯಾಗಿಲ್ಲ.

1734ರಲ್ಲಿ ಡಾನ್‌ಜಿಗ್ ಮುತ್ತಿಗೆ, ಮರುವರ್ಷ ರೈನ್ ನದಿವರೆಗೆ ನಡಿಗೆ, ಆಮೇಲೆ ತುರ್ಕರ ಮೇಲೆ ಯುದ್ಧ, ಇಷ್ಟೆಲ್ಲಾ ಆದ್ಮೇಲೂ ಕೈಹಿಡಿದು ಮೇಲೆತ್ತೋ ದೊಡ್ಡ ಮನುಷ್ಯರು ಯಾರೂ ಇರ್ಲಿಲ್ಲ, ಬಡ್ತಿ ಸಿಗಲ್ಲ ಅಂತ ಗೊತ್ತಾಗಿ 1741ರಲ್ಲಿ ರಾಜೀನಾಮೆ ಕೊಟ್ಟ. ಬರ್ಲಿನ್‌ಗೆ ಹೋಗಿ ಪ್ರಷ್ಯಾ ದೊರೆ ಫ್ರೆಡ್ರಿಕ್ ಹತ್ರ ಕೆಲಸ ಕೇಳಿದ. ಈ ಮನುಷ್ಯನ ಮುಖ ನನಗೆ ಹಿಡಿಸ್ತಿಲ್ಲ ಅಂತ ದೊರೆ ಕಳಿಸಿಬಿಟ್ಟ ಅಂತಾರೆ. ಕೊನೆಗೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ, ಟ್ರೆಂಕ್ ಅನ್ನೋ ಅಧಿಕಾರಿ ಕಟ್ಟಿದ್ದ ಪಾಂಡೂರ್ ಅನ್ನೋ ಬಿಡಿ ಕಾಲಾಳು ಪಡೇಲಿ ಕ್ಯಾಪ್ಟನ್ ಹುದ್ದೆ ಸಿಕ್ತು, ಲೂಟಿಗೆ ಹೆಸರಾದ ಪಡೆ ಅದು, ಟ್ರೆಂಕ್ ಜೊತೆ ಜಗಳ ಆಗಿ ಅದನ್ನೂ ಬಿಟ್ಟ. ದುಡ್ಡೇ ಮುಖ್ಯ ಅನ್ನೋನು ಅಲ್ಲಿಂದ ಹೊರಗೆ ಬರ್ತಿದ್ನಾ ಹೇಳಿ.

ಆಮೇಲಿನ ಹತ್ತು ವರ್ಷದ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ, ನನಗೆ ಮಾತ್ರ ಆ ಭಾಗಾನೇ ತುಂಬಾ ಇಷ್ಟ. ಕ್ರೊಯೇಷಿಯಾದ ಗಡಿ ರೆಜಿಮೆಂಟ್‌ನಲ್ಲಿ ಮೇಜರ್ ಆಗಿ ಬುನಿಚ್ ಅನ್ನೋ ಹಳ್ಳೀಲಿದ್ದ. ಗಾಳಿಗೆ ಹಾರಿ ಬರೋ ಮರಳು ತಡೆಯೋಕೆ ಅಲ್ಲಿ ಓಕ್ ಮರಗಳನ್ನ ನೆಡಿಸಿದ, ಆ ತೋಪು ಈಗಲೂ ಅವನ ಹೆಸರಲ್ಲೇ ಇದೆ.

1756ರಲ್ಲಿ ಏಳು ವರ್ಷಗಳ ಯುದ್ಧ ಶುರುವಾದಾಗ ಅವನಿಗೆ ಸುಮಾರು 40, ಆ ಕಾಲದ ಲೆಕ್ಕದಲ್ಲಿ ತಡ ಆಯ್ತು ಅನ್ನೋ ವಯಸ್ಸೇ, ಆದ್ರೆ ಎರಡೇ ವರ್ಷದಲ್ಲಿ ಲೆಫ್ಟಿನೆಂಟ್ ಕರ್ನಲ್‌ನಿಂದ ಲೆಫ್ಟಿನೆಂಟ್ ಫೀಲ್ಡ್ ಮಾರ್ಷಲ್ ತನಕ ಹೋದ. ಅವನಿಗೆ ಬರ್ತಿದ್ದ ಬಡ್ತಿ ಪತ್ರ ಒಂದ್ಸಲ ಪ್ರಷ್ಯನ್ ಕುದುರೆ ಸವಾರರ ಕೈಗೆ ಸಿಕ್ಕಿ, ಫ್ರೆಡ್ರಿಕ್ಕೇ ಅದನ್ನ ಅಭಿನಂದನೆ ಸೇರಿಸಿ ಕಳಿಸಿಕೊಟ್ಟ ಅಂತ ಹೇಳ್ತಾರೆ. 1758ರಲ್ಲಿ ಡೋಮ್‌ಸ್ಟಾಟ್ಲ್ ಹತ್ರ ಪ್ರಷ್ಯಾದ ಸಾಮಾನಿನ ಗಾಡಿಗಳ ಸಾಲನ್ನೇ ಲೌಡನ್ ಮತ್ತೆ ಜೊತೆಗಾರರು ಒಡೆದು ಹಾಕಿದ್ರು, ಮದ್ದುಗುಂಡು ಇಲ್ಲದೆ ಫ್ರೆಡ್ರಿಕ್ ಆಸ್ಟ್ರಿಯಾದ ಓಲ್ಮುಟ್ಸ್ ಕೋಟೆಯ ಮುತ್ತಿಗೆ ಬಿಟ್ಟು ಹೋಗ್ಬೇಕಾಯ್ತು. ಮರುವರ್ಷ ಆಗಸ್ಟ್ 12ಕ್ಕೆ ಕುನೆರ್ಸ್‌ಡೋರ್ಫ್ ಕಾಳಗ, ಅಲ್ಲಿ ರಷ್ಯನ್ನರ ಜೊತೆ ನಿಂತು ಸರಿಯಾದ ಹೊತ್ತಿಗೆ ಕುದುರೆ ಪಡೆ ನುಗ್ಗಿಸಿದ, 48,000 ಜನರಲ್ಲಿ 3,000 ಜನಾನೂ ನನ್ನ ಹತ್ರ ಉಳಿದಿಲ್ಲ ಅಂತ ಫ್ರೆಡ್ರಿಕ್ ಅವತ್ತೇ ಪತ್ರ ಬರೆಯೋ ಹಾಗಾಯ್ತು. ಗೆದ್ದಿದ್ದೇ ಜಾಸ್ತಿ ಅಂತಲ್ಲ, 1760ರಲ್ಲಿ ಲೀಗ್ನಿಟ್ಸ್ ಹತ್ರ ಆಸ್ಟ್ರಿಯಾದ ಮುಖ್ಯ ಸೇನಾಪತಿ ಡೌನ್‌ನ ಪಡೆ ಸಮಯಕ್ಕೆ ಬರದೆ ಲೌಡನ್ ಒಬ್ಬನೇ ಸಿಕ್ಕಾಕ್ಕೊಂಡು ಸೋತ. 1761ರಲ್ಲಿ ಪ್ರಷ್ಯಾದ ಕೈಲಿದ್ದ ಶ್ವೈಡ್‌ನಿಟ್ಸ್ ಕೋಟೆಯನ್ನ ಒಂದೇ ರಾತ್ರಿ ಏಣಿ ಹಾಕಿ ಹತ್ತಿ ಹಿಡಿದ, ವಿಯೆನ್ನಾದವರನ್ನ ಕೇಳದೆ ದಾಳಿ ಮಾಡಿದ್ದಕ್ಕೆ ಆಮೇಲೆ ಬೈಸಿಕೊಂಡಿದ್ದೂ ಅವನೇ.

ಆ ಕಾಲದಲ್ಲಿ ನಿಷ್ಠೆ ಇದ್ದಿದ್ದು ಹುಟ್ಟಿದ ಊರಿಗಲ್ಲ, ಪ್ರಮಾಣ ತಗೊಂಡ ದೊರೆಗೆ. ರಾಜೀನಾಮೆ ಕೊಟ್ಟು ಇನ್ನೊಬ್ಬ ದೊರೆ ಹತ್ರ ಹೋಗೋದನ್ನ ಯಾರೂ ದ್ರೋಹ ಅಂತಿರ್ಲಿಲ್ಲ, ಪ್ರಮಾಣ ಮುರಿದು ಓಡಿ ಹೋದ್ರೆ ಮಾತ್ರ ದ್ರೋಹ. ಲೌಡನ್ ಓಡಿ ಹೋದವನಲ್ಲ, ಆಸ್ಟ್ರಿಯಾದ ಪ್ರಮಾಣ ಸಾಯೋವರೆಗೂ ಇಟ್ಕೊಂಡ. 1789ರಲ್ಲಿ 72ನೇ ವಯಸ್ಸಲ್ಲಿ ತುರ್ಕರ ಕೈಲಿದ್ದ ಬೆಲ್‌ಗ್ರೇಡ್ ಗೆದ್ದ, ಮರುವರ್ಷ ಜುಲೈ 14ಕ್ಕೆ ಮೊರಾವಿಯಾದಲ್ಲಿ ತೀರಿಕೊಂಡ, ಆಗಲೂ ಪ್ರಷ್ಯಾ ಮೇಲೆ ಯುದ್ಧ ಆಗಬಹುದು ಅಂತ ಸೇರಿಸಿದ್ದ ಸೈನ್ಯ ಅವನ ಕೈಯಲ್ಲೇ ಇತ್ತು.