ಮೈಸೂರು ಪ್ರವಾಸ: ವೀಲ್‌ಚೇರ್ ಬಳಸುವ ಅಮ್ಮನಿಗೆ ಹೋಟೆಲ್ ಹೊಂದುತ್ತದೆಯೇ ಎಂದು ಬುಕ್ ಮಾಡುವ ಮೊದಲೇ ತಿಳಿಯುವುದು ಹೇಗೆ?

‘ವೀಲ್‌ಚೇರ್ ಸೌಲಭ್ಯ ಇದೆ’ ಅಂದರೆ ಅಷ್ಟಕ್ಕೇ ನಂಬಬೇಡಿ. ಎಷ್ಟೋ ಕಡೆ ರಿಸೆಪ್ಷನ್‌ನಲ್ಲಿ ಒಂದು ವೀಲ್‌ಚೇರ್ ಇಟ್ಟಿದ್ದಾರೆ ಅಂತಷ್ಟೇ ಅದರರ್ಥ.

ಮೊದಲು ಅಮ್ಮನ ವೀಲ್‌ಚೇರಿನ ಅಗಲ ಅಳೆಯಿರಿ, ಸಾಮಾನ್ಯವಾಗಿ 65 ಸೆಂ.ಮೀ. ಆಸುಪಾಸು. ತೊಡಕಾಗುವುದು ಹೆಚ್ಚಾಗಿ ಬಾತ್‌ರೂಮ್ ಬಾಗಿಲಲ್ಲೇ. ಬಾಗಿಲು ಪೂರ್ತಿ ತೆರೆದು, ಚೌಕಟ್ಟಿಗೆ ಟೇಪ್ ಹಿಡಿದು ಫೋಟೊ ಕಳಿಸಲು ಹೇಳಿ: 80 ಸೆಂ.ಮೀ. ಬೇಕು, 90 ಇದ್ದರೆ ನಿರಾಳ. ನೀರು ಹೊರಗೆ ಬಾರದಿರಲೆಂದು ಕಟ್ಟಿದ 5 ಸೆಂ.ಮೀ. ಹೊಸ್ತಿಲಿಗೂ ಮುಂದಿನ ಪುಟ್ಟ ಚಕ್ರ ತಡೆದು ನಿಲ್ಲುತ್ತದೆ. ಕಮೋಡ್ ಪಕ್ಕ 90 ಸೆಂ.ಮೀ. ಜಾಗವಿರಲಿ, ಗೋಡೆಗೆ ಗಟ್ಟಿ ಹಿಡಿಕೆಯಿರಲಿ. ಟವೆಲ್ ರಾಡ್ ಭಾರ ಬಿಟ್ಟರೆ ಕಿತ್ತು ಬರುತ್ತದೆ.

ಲಿಫ್ಟ್‌ಗೆ ಮುನ್ನ ಮೆಟ್ಟಿಲುಗಳಿವೆಯೇ ಕೇಳಿ. 15 ಸೆಂ.ಮೀ. ಎತ್ತರದ ಒಂದೇ ಮೆಟ್ಟಿಲಿಗೂ 1:12 ಇಳಿಜಾರಿನಂತೆ (1 ಸೆಂ.ಮೀ. ಎತ್ತರಕ್ಕೆ 12 ಸೆಂ.ಮೀ. ಉದ್ದ) 1.8 ಮೀಟರ್ ರ‍್ಯಾಂಪ್ ಬೇಕು. ಫೋಟೊದಲ್ಲಿ ತೋರಿಸಿದ ರೂಮಿನ ನಂಬರನ್ನೇ ಬುಕಿಂಗ್‌ನಲ್ಲಿ ಬರೆಸಿಕೊಳ್ಳಿ.